ರಿಪೋರ್ಟ್ ಎಲ್ಲಾ ನಾರ್ಮಲ್, ನೋವು ಮಾತ್ರ ಹೋಗ್ತಿಲ್ಲ: ಮುಂದೇನು ಮಾಡಬೇಕು?

ಅಥಣಿ, ಚಿಕ್ಕೋಡಿ ಕಡೆಯವರು ಮಿರಜ್‌ಗೆ ಹೋಗುತ್ತಾರೆ. ವಿಜಯಪುರ, ಇಂಡಿಯವರು ಸೊಲ್ಲಾಪುರಕ್ಕೆ. ಬಾಗಲಕೋಟೆಯವರು ಹುಬ್ಬಳ್ಳಿಗೆ. ಕೈಯಲ್ಲಿ ದೊಡ್ಡ ಚೀಲ, ಅದರ ತುಂಬ ಸ್ಕ್ಯಾನ್ ಫಿಲ್ಮು, ರಕ್ತ ಪರೀಕ್ಷೆಯ ಚೀಟಿ. ಎಲ್ಲಾ ನೋಡಿ ಡಾಕ್ಟರು ಹೇಳುವುದು ಒಂದೇ ಮಾತು: "ಏನೂ ಇಲ್ರಿ, ಎಲ್ಲಾ ನಾರ್ಮಲ್ ಐತಿ." ಕೇಳಿದಾಗ ಸಮಾಧಾನ ಆಗುತ್ತೆ. ಆದರೆ ಬಸ್ಸು ಊರು ಮುಟ್ಟುವಷ್ಟರಲ್ಲಿ ಮತ್ತೆ ಎದೆ ಹೊಡ್ಕೊಳ್ಳೋಕೆ ಶುರು. ಅಂಗಾಲು ಉರಿ, ಸೊಂಟ ಹಿಡಿತ, ತಲೆಯಲ್ಲಿ ಏನೋ ಭಾರ. ಮನೆಯಲ್ಲಿ ಯಾರಾದರೂ ಒಬ್ಬರು ಅಂದೇ ಅಂತಾರೆ: "ಡಾಕ್ಟರೇ ಏನಿಲ್ಲ ಅಂದ ಮೇಲೆ ಮತ್ತೇನು?"

ಈ ಬರಹ ಹಾಗೆ ಅನ್ನಿಸಿಕೊಂಡವರಿಗೆ, ಮತ್ತು ಹಾಗೆ ಅಂದವರಿಗೂ. ನೋವು ನಿಜ. ರಿಪೋರ್ಟ್ ನಾರ್ಮಲ್ ಬಂದಿರುವುದೂ ನಿಜ. ಎರಡೂ ಒಟ್ಟಿಗೆ ಇರಬಹುದು. ಇಂಥ ತೊಂದರೆಗೆ ಚಿಕಿತ್ಸೆ ಇದೆ. ಆದರೆ ಅದು ಮತ್ತೊಂದು ಸ್ಕ್ಯಾನಿನಲ್ಲಿ ಸಿಗುವುದಿಲ್ಲ. ಎಲ್ಲಿ ಸಿಗುತ್ತೆ, ಹೇಗೆ ಶುರು ಮಾಡಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಕಾರಣ ಕಾಣದ ನೋವು ಬರುವುದು ಹೇಗೆ

ಹೊಲದ ಪಂಪ್‌ಸೆಟ್ ಇದ್ದವರಿಗೆ ಇದು ಬೇಗ ಅರ್ಥವಾಗುತ್ತೆ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಓವರ್‌ಲೋಡ್ ರಿಲೇ ಇರುತ್ತಲ್ಲ, ಅದರ ಸೆಟ್ಟಿಂಗ್ ತೀರಾ ಕಡಿಮೆ ಆದರೆ ಮೋಟಾರು ಚೆನ್ನಾಗಿದ್ದರೂ, ಬಾವಿಯಲ್ಲಿ ನೀರಿದ್ದರೂ, ಸುಮ್ಸುಮ್ನೆ ಟ್ರಿಪ್ ಆಗುತ್ತೆ. ಮೋಟಾರನ್ನು ಎತ್ತಿ, ವೈಂಡಿಂಗ್ ಬಿಚ್ಚಿ ನೋಡಿದರೆ ಏನೂ ಸಿಗಲ್ಲ. ಹಾಗಂತ ಟ್ರಿಪ್ ಆಗಿದ್ದು ಸುಳ್ಳಲ್ಲ. ಸರಿ ಮಾಡಬೇಕಾದ್ದು ರಿಲೇಯನ್ನು.

ನಮ್ಮ ಮೆದುಳು ಮತ್ತು ನರಗಳೂ ಹೀಗೆ ಜಾಸ್ತಿ ಸೂಕ್ಷ್ಮ ಆಗಿಬಿಡಬಹುದು. ಹೊಟ್ಟೆಯ ಸಾಮಾನ್ಯ ಚಲನೆ ಸಂಕಟದಂತೆ ಅನಿಸುತ್ತೆ. ಹೃದಯದ ಸಾಮಾನ್ಯ ಬಡಿತ ಧಡಧಡ ಅಂತ ಕೇಳುತ್ತೆ. ಸ್ನಾಯುಗಳು ದಿನವಿಡೀ ಬಿಗಿಯಾಗಿದ್ದರೆ ಕುತ್ತಿಗೆ, ಬೆನ್ನು, ದವಡೆ ನೋಯುತ್ತವೆ. ನಿದ್ದೆ ಕೆಟ್ಟರೆ ಮರುದಿನ ಅದೇ ನೋವು ಇನ್ನೂ ಜೋರು. ಯಾವುದೋ ಜ್ವರ, ಆಪರೇಷನ್, ಬಿದ್ದ ಪೆಟ್ಟು ಎಲ್ಲ ವಾಸಿಯಾದ ಮೇಲೂ ಈ ಸೂಕ್ಷ್ಮತೆ ಮಾತ್ರ ಹಾಗೇ ಉಳಿಯಬಹುದು.

ಉಸಿರಾಟದ ಉದಾಹರಣೆ ನೋಡಿ. ಗಾಬರಿಯಲ್ಲಿ ನಾವು ಗೊತ್ತಿಲ್ಲದೇ ಬೇಗಬೇಗ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಆಗುತ್ತೆ. ಬೆರಳ ತುದಿ ಮತ್ತು ಬಾಯಿ ಸುತ್ತ ಜುಮುಜುಮು ಅನ್ನುತ್ತೆ, ತಲೆ ತಿರುಗುತ್ತೆ, ಎದೆ ಬಿಗಿಯುತ್ತೆ, ಕೆಲವರಿಗೆ ಕೈಬೆರಳು ಸೆಟೆದುಕೊಳ್ಳುತ್ತವೆ. ಇದೆಲ್ಲ ಮೈಯಲ್ಲಿ ನಿಜವಾಗಿ ನಡೆಯುವ ಬದಲಾವಣೆ. ಆದರೆ ಅರ್ಧ ಗಂಟೆ ಬಿಟ್ಟು ಇಸಿಜಿ ತೆಗೆದರೆ ಚೀಟಿಯಲ್ಲಿ ಏನೂ ಕಾಣಲ್ಲ.

ಇದಕ್ಕೆಲ್ಲ ಮನಸ್ಸಿನ ನೋವೇ ಕಾರಣ ಅಂತ ತೀರ್ಮಾನಿಸುವುದೂ ಬೇಡ. ಕೆಲವರಿಗೆ ಇರುತ್ತೆ: ಸಾಲ, ಸಾವು, ಗಂಡನ ಕುಡಿತ, 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮನೆಯೊಳಗೆ ಬಂದುಹೋದ ನೆನಪು. ಇನ್ನು ಕೆಲವರಿಗೆ ಹೇಳಿಕೊಳ್ಳುವಂಥ ದುಃಖ ಏನೂ ಇರಲ್ಲ. ಇಲ್ಲದ ದುಃಖವನ್ನು ಕೆದಕಿ ಹುಡುಕಬೇಕಿಲ್ಲ. ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ ಮಾನಸಿಕ ತೊಂದರೆಗಳ ರೋಗಪಟ್ಟಿಯಲ್ಲಿ, ಇಂಥ ತೊಂದರೆ ಅಂತ ಗುರುತಿಸಲು ಇದ್ದ "ವೈದ್ಯಕೀಯ ಕಾರಣ ಸಿಗಬಾರದು" ಎಂಬ ಹಳೆಯ ಷರತ್ತನ್ನೇ ತೆಗೆದುಹಾಕಿದರು. ಲಕ್ಷಣ ಮನುಷ್ಯನನ್ನು ಎಷ್ಟು ಕಾಡುತ್ತಿದೆ, ಅದರ ಚಿಂತೆ ದಿನದ ಎಷ್ಟು ಹೊತ್ತನ್ನು ತಿನ್ನುತ್ತಿದೆ ಅನ್ನೋದನ್ನ ಈಗ ನೋಡುತ್ತಾರೆ. ನನಗೆ ಇದೇ ಸರಿಯಾದ ದಾರಿ ಅನಿಸುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೂ, ಹೃದಯದ ತೊಂದರೆ ಇದ್ದವರಿಗೂ ಅದರ ಜೊತೆಗೇ ಈ ತೊಂದರೆ ಇರಬಹುದು.

ಹಂತ 1: ಕಾಯಬಾರದ ಲಕ್ಷಣಗಳನ್ನು ಮೊದಲು ಬೇರೆ ಮಾಡಿ

ಮುಂದೆ ಹೇಳುವುದೆಲ್ಲ ಈ ಹಂತ ದಾಟಿದ ಮೇಲೆ ಮಾತ್ರ.

ಎದೆಯ ಮಧ್ಯದಲ್ಲಿ ಒತ್ತಿ ಹಿಡಿದ ಹಾಗೆ ನೋವು, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ನಡೆದರೆ ಬಂದು ನಿಂತರೆ ಹೋಗುವ ನೋವು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ, 108 ಕರೆಯಿರಿ. "ಗ್ಯಾಸ್ ಆಗಿರಬೇಕು" ಅಂತ ಸೋಡಾ ಕುಡಿದು ಮಲಗಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಮತ್ತು ಹೆಣ್ಣುಮಕ್ಕಳಿಗೆ ಹೃದಯಾಘಾತವೇ ಹೊಟ್ಟೆ ಸಂಕಟ, ಸುಸ್ತು, ಉಸಿರು ಕಟ್ಟುವ ರೂಪದಲ್ಲಿ ಬರಬಹುದು. ಮುಖ ಸೊಟ್ಟ ಆದರೆ, ಒಂದು ಕಡೆಯ ಕೈಕಾಲು ಬಿದ್ದರೆ, ಮಾತು ತೊದಲಿದರೆ ಅದಕ್ಕೂ ಒಂದು ನಿಮಿಷ ಕಾಯಬಾರದು. ಸೊಂಟ ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ ಅವತ್ತೇ ತೋರಿಸಿ.

ಇನ್ನು ಕೆಲವು ತುರ್ತು ಅಲ್ಲ, ಆದರೆ ಪರೀಕ್ಷೆ ಆಗಲೇಬೇಕು. ಪ್ರಯತ್ನ ಮಾಡದೇ ತೂಕ ಇಳಿಯುವುದು, ಸಂಜೆ ಜ್ವರ, 2 ವಾರ ದಾಟಿದ ಕೆಮ್ಮು, ಮಲದಲ್ಲಿ ಮೂತ್ರದಲ್ಲಿ ರಕ್ತ, ನುಂಗಲು ಕಷ್ಟ, ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ನಿದ್ದೆಯಿಂದ ಎಬ್ಬಿಸುವ ನೋವು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು ಅಥವಾ ಹೊಟ್ಟೆ ಉಬ್ಬರ. ಇವುಗಳಲ್ಲಿ ಯಾವುದಾದರೂ ಇದ್ದರೆ "ಟೆನ್ಶನ್‌ದು" ಅಂತ ಯಾರು ಹೇಳಿದರೂ ಒಪ್ಪಬೇಡಿ.

ಹಂತ 2: ನಮ್ಮ ಭಾಗದಲ್ಲಿ ಕಣ್ತಪ್ಪುವ ಕಾರಣಗಳು

"ಏನೂ ಇಲ್ಲ" ಅನ್ನುವ ಮುಂಚೆ ಕೇಳಲೇಬೇಕಾದ ಕೆಲವು ಪ್ರಶ್ನೆ ಇವೆ. ಇವನ್ನು ನೀವೇ ಡಾಕ್ಟರಿಗೆ ನೆನಪಿಸಬಹುದು.

ಮನೆಯಲ್ಲಿ ಕುರಿ, ಮೇಕೆ, ಎಮ್ಮೆ ಇದೆಯಾ? ಹಸಿ ಹಾಲು ಕುಡಿಯುತ್ತೀರಾ? ದನ ಕರು ಹಾಕುವಾಗ, ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟುತ್ತೀರಾ? ಬ್ರುಸೆಲ್ಲೋಸಿಸ್ ಅನ್ನೋ ಸೋಂಕು ಹೀಗೆ ಬರುತ್ತೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು, ತಿಂಗಳುಗಟ್ಟಲೆ ಸುಸ್ತು. ವಿಜಯಪುರ, ಬೆಳಗಾವಿಯ ವೈದ್ಯರು ಇದನ್ನು ಹಲವು ವರ್ಷಗಳಿಂದ ನೋಡಿ ದಾಖಲಿಸಿದ್ದಾರೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಸಿಗಲ್ಲ, ಬೇರೆಯಾಗಿ ಕೇಳಿ ಮಾಡಿಸಬೇಕು. ಸಾಮಾನ್ಯವಾಗಿ 6 ವಾರ ಅಥವಾ ಇನ್ನೂ ಜಾಸ್ತಿ ಔಷಧಿ ಬೇಕಾಗುತ್ತೆ, ಪೂರ್ತಿ ತಗೊಂಡರೆ ವಾಸಿ ಆಗುತ್ತೆ. ಹಾಲು ಕುದಿಸಿ ಕುಡಿದರೆ ಹಾಲಿನಿಂದ ಬರುವುದು ತಪ್ಪುತ್ತೆ.

ಕುಡಿಯುವ ನೀರು ಬೋರ್‌ವೆಲ್‌ದಾ? ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ನಡೆಯುತ್ತೆ ಅನ್ನುತ್ತೆ ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಜಾಸ್ತಿ ಫ್ಲೋರೈಡ್ ಕುಡಿದವರಿಗೆ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿದುಕೊಳ್ಳುತ್ತವೆ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದ್ದರೆ ಅದೊಂದು ಸುಳಿವು. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಜಾಸ್ತಿಯಾಗುತ್ತೆ. ಆರ್‌ಒ ಘಟಕದ ನೀರು ತರುವುದು ಒಳ್ಳೆಯದು.

ಪೂರ್ತಿ ಸಸ್ಯಾಹಾರಿಗಳಾ? ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಳಿಂದ ನಡೆದಿದೆಯಾ? ಹಾಗಾದರೆ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ನೋಡಿಸಿ. ಅಂಗಾಲು ಉರಿ, ಜೋಮು, ಮರೆವು, ಸುಸ್ತು ಇದರಿಂದಲೂ ಬರುತ್ತೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಷ್ಟೇ ಪುಷ್ಟಿಯಾಗಿದ್ದರೂ ಅದರಲ್ಲಿ ಬಿ12 ಇರಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇರುತ್ತೆ.

ದ್ರಾಕ್ಷಿ ತೋಟ, ಕಬ್ಬು, ಹತ್ತಿ, ತರಕಾರಿಗೆ ಔಷಧಿ ಹೊಡೆಯುತ್ತೀರಾ? ಅಥವಾ ಹೊಡೆದವರ ಬಟ್ಟೆ ಒಗೆಯುತ್ತೀರಾ? ಸಿಂಪಡಣೆ ದಿನ ತಲೆನೋವು, ವಾಕರಿಕೆ, ಬೆವರು, ಕಣ್ಣು ಮಂಜು ಬರುತ್ತಿದ್ದರೆ ಔಷಧಿಯ ಡಬ್ಬಿಯನ್ನೇ ಡಾಕ್ಟರ ಹತ್ತಿರ ಒಯ್ಯಿರಿ.

ಇದರ ಜೊತೆ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಕಿಡ್ನಿ, ಲಿವರ್, ಇಎಸ್‌ಆರ್, ಮೂತ್ರ ಪರೀಕ್ಷೆ, ಬೇಕಿದ್ದರೆ ವಿಟಮಿನ್ ಡಿ ಮತ್ತು ಇಸಿಜಿ. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. "ನಮ್ಮ ಕಡೆ ಎಲ್ಲರಿಗೂ 9 ಇರ್ತದ ಬಿಡ್ರಿ" ಅಂದರೆ ಬಿಡಬೇಡಿ. ಇಷ್ಟೂ ಸರಿ ಇದ್ದು, ಡಾಕ್ಟರು ಮೈಮುಟ್ಟಿ ಪರೀಕ್ಷೆ ಮಾಡಿ, ಹಂತ 1ರ ಯಾವ ಲಕ್ಷಣವೂ ಇಲ್ಲ ಅಂದರೆ, ಸದ್ಯಕ್ಕೆ ಹುಡುಕುವುದನ್ನು ನಿಲ್ಲಿಸಿ. ಎಂಆರ್‌ಐ ಮೇಲೆ ಎಂಆರ್‌ಐ ಮಾಡಿಸಿದರೆ ಧೈರ್ಯ ಬರಲ್ಲ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನಿನಲ್ಲೂ ಡಿಸ್ಕ್ ಸ್ವಲ್ಪ ಉಬ್ಬಿರುವುದು ತುಂಬ ಸಾಮಾನ್ಯ. ಆ ಒಂದು ಸಾಲು ಓದಿ ಬಗ್ಗುವುದನ್ನೇ ಬಿಟ್ಟವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ!

ಇಲ್ಲಿ ಇನ್ನೊಂದು ಮಾತು. ಬಿಳಿ ಮುಟ್ಟು ಹೋಗಿ ಹೋಗಿ ಮೈಯೆಲ್ಲ ಸವೆಯಿತು ಅಂತ ನಂಬಿರುವ ಹೆಣ್ಣುಮಕ್ಕಳು, ಧಾತು ಹೋಗಿ ಶಕ್ತಿ ಕುಂದಿತು ಅಂತ ಒಳಗೊಳಗೇ ಹೆದರಿರುವ ಹುಡುಗರು ನಮ್ಮಲ್ಲಿ ತುಂಬ. ವಾಸನೆ, ತುರಿಕೆ, ಬಣ್ಣ ಇಲ್ಲದ ಬಿಳಿ ಸ್ರಾವ ಸಹಜ. ಅದರಿಂದ ಮೂಳೆ ಸವೆಯಲ್ಲ. ವೀರ್ಯ ಹೋದರೆ ನಿಶ್ಶಕ್ತಿ ಬರಲ್ಲ. ಗೋಡೆ ಮೇಲಿನ ಜಾಹೀರಾತು ನೋಡಿ ಲೇಹ್ಯಕ್ಕೆ ದುಡ್ಡು ಸುರಿಯುವ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ. ಅವರಿಗೆ ಇದು ಹೊಸದಲ್ಲ, ನಾಚಿಕೆ ಬೇಡ.

ಹಂತ 3: ಒಬ್ಬ ಡಾಕ್ಟರು, ಒಂದು ಫೈಲು

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಹೊಟ್ಟೆಗೆ ಒಬ್ಬರು, ತಲೆಗೆ ಒಬ್ಬರು, ಎದೆಗೆ ಒಬ್ಬರು ಅಂತ ತಿರುಗಿದಾಗ ಪ್ರತಿಯೊಬ್ಬರೂ ಮೊದಲಿಂದ ಶುರು ಮಾಡುತ್ತಾರೆ, ಪ್ರತಿಯೊಬ್ಬರೂ ಗುಳಿಗೆ ಬರೆಯುತ್ತಾರೆ. ಯಾರೂ ಪೂರ್ತಿ ಮನುಷ್ಯನನ್ನು ನೋಡಿರಲ್ಲ.

ಊರಿಗೆ ಹತ್ತಿರದ, ನಿಮ್ಮ ಮಾತು ಕೇಳುವ ಎಂಬಿಬಿಎಸ್ ಅಥವಾ ಎಂಡಿ ಡಾಕ್ಟರನ್ನು ಆರಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದವರಾದರೂ ಸರಿ. ಹೀಗೆ ಕೇಳಿ: "ಸರ್, ನಾ ಇನ್ನ ಮ್ಯಾಲೆ ಎಲ್ಲಾದಕ್ಕೂ ನಿಮ್ಮ ಹತ್ರನ ಬರ್ತೀನಿ. ನೋವು ಜಾಸ್ತಿ ಇರ್ಲಿ ಕಮ್ಮಿ ಇರ್ಲಿ, ತಿಂಗಳಿಗೊಮ್ಮೆ ನೋಡ್ತೀರಾ?" ನೋವು ಬಂದಾಗ ಓಡುವುದರ ಬದಲು ದಿನ ಗೊತ್ತುಮಾಡಿಕೊಂಡು ಹೋಗುವುದರಿಂದ ಗಾಬರಿ ತಗ್ಗುತ್ತೆ. ಡಾಕ್ಟರಿಗೂ ಹಿಂದಿನ ತಿಂಗಳಿಗೆ ಹೋಲಿಸಿ ನೋಡಲು ಆಗುತ್ತೆ. ಕೆಲವು ಕಾಯಿಲೆಗಳು ತಡವಾಗಿ ಹೊರಬೀಳುತ್ತವೆ ಅನ್ನೋದು ನಿಜ. ಹಾಗೆ ಏನಾದರೂ ಬದಲಾದರೆ ಗುರುತಿಸುವುದು ಪ್ರತಿ ತಿಂಗಳು ನೋಡುತ್ತಿರುವ ಡಾಕ್ಟರೇ.

ಫೈಲಿನ ಮೊದಲ ಹಾಳೆಯಲ್ಲಿ ಒಂದೇ ಪುಟದಲ್ಲಿ ಬರೆಯಿರಿ. ತೊಂದರೆ ಯಾವಾಗ ಶುರು, ಯಾವ ಪರೀಕ್ಷೆ ಯಾವ ತಿಂಗಳು ಆಯ್ತು, ಈಗ ನುಂಗುತ್ತಿರುವ ಎಲ್ಲ ಗುಳಿಗೆ. ಆಯುರ್ವೇದ, ಪುಡಿ, ಕಷಾಯ ಎಲ್ಲವೂ ಅದರಲ್ಲಿ ಬರಲಿ. ಉಳಿದ ರಿಪೋರ್ಟು ತಾರೀಖಿನ ಪ್ರಕಾರ ಹಿಂದೆ ಜೋಡಿಸಿ.

ಹಂತ 4: ಎರಡು ವಾರ ಬರೆದಿಡಿ

ಹಳೆಯ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಸಾಲು. ಹೊತ್ತು, ನೋವು ಹತ್ತಕ್ಕೆ ಎಷ್ಟು, ಅದರ ಹಿಂದಿನ ಒಂದೆರಡು ಗಂಟೆ ಏನು ಮಾಡುತ್ತಿದ್ದಿರಿ, ಹಿಂದಿನ ರಾತ್ರಿಯ ನಿದ್ದೆ ಹೇಗಿತ್ತು. ಮುಧೋಳ ಕಡೆಯ ಒಬ್ಬ ಹೆಣ್ಣುಮಗಳ ಪುಟ ಹೀಗಿರಬಹುದು ಅಂದುಕೊಳ್ಳಿ:

ಸೋಮವಾರ, ಬೆಳಿಗ್ಗೆ 11. ಎದೆ ಧಡಧಡ, 7. ಚಹಾ ಮೂರು ಸಲ, ನಾಷ್ಟಾ ಇಲ್ಲ. ರಾತ್ರಿ ಮೂರು ತಾಸು ನಿದ್ದೆ.
ಬುಧವಾರ, ಸಂಜೆ 6. ತಲೆ ಭಾರ, 8. ಸಂಘದ ಕಂತಿನವರು ಬರುವ ದಿನ.
ಶುಕ್ರವಾರ. ತಂಗಿ ಬಂದಿದ್ದಳು. ರೊಟ್ಟಿ ಬಡಿದೆ, ನಕ್ಕೆ. ನೋವು 3. ನೆನಪೇ ಇರಲಿಲ್ಲ.

ಶುಕ್ರವಾರದ ಸಾಲನ್ನು ನೋಡಿ. ನೋವು ಒಂದೇ ಸಮ ಇರಲ್ಲ, ಏರಿಳಿಯುತ್ತೆ, ಇಳಿಯುವ ಹೊತ್ತುಗಳೂ ಇವೆ. ಇದು ಗೊತ್ತಾಗುವುದೇ ಅರ್ಧ ಧೈರ್ಯ. ಮೊದಲು ಕೈಹಾಕಬೇಕಾದ್ದು ಯಾವುದು ಅಂತ ಸೋಮವಾರದ ಸಾಲು ಹೇಳುತ್ತಿದೆ: ಖಾಲಿ ಹೊಟ್ಟೆಯ ಚಹಾ ಮತ್ತು ನಿದ್ದೆ. ಎರಡು ವಾರ ಆದ ಮೇಲೆ ಬರೆಯುವುದನ್ನು ನಿಲ್ಲಿಸಿ. ತಿಂಗಳುಗಟ್ಟಲೆ ಬರೆದರೆ ಗಮನವೆಲ್ಲ ನೋವಿನ ಮೇಲೇ ಕೂರುತ್ತೆ.

ಹಂತ 5: ಉಸಿರು

ಕೂತು ಒಂದು ಕೈ ಹೊಟ್ಟೆ ಮೇಲಿಡಿ. ಮೂಗಿನಿಂದ ನಿಧಾನ 4 ಎಣಿಸುವ ತನಕ ಒಳಗೆ, 6 ಎಣಿಸುವ ತನಕ ಹೊರಗೆ. ಎದೆ ಎತ್ತಬಾರದು, ಹೊಟ್ಟೆ ಏಳಬೇಕು. ದಿನಕ್ಕೆ ಎರಡು ಸಲ, 5 ನಿಮಿಷ. ನೋವಿಲ್ಲದ ಹೊತ್ತಲ್ಲೇ ರೂಢಿ ಮಾಡಿ, ಆಗ ಗಾಬರಿಯ ಹೊತ್ತಲ್ಲಿ ತಾನಾಗಿ ಬರುತ್ತೆ. ಪೂಜೆ, ಪ್ರಾರ್ಥನೆ, ನಮಾಜಿನ ನಂತರ ಕೂತಲ್ಲೇ ಮಾಡಿದರೆ ಮರೆಯಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಉಸಿರಾಡುವುದು ಮಾತ್ರ ಬೇಡ, ಅಪಾಯ.

ಹಂತ 6: ಕೆಲಸವನ್ನು ತುಂಡು ಮಾಡಿ

ಇದು ಹೇಳಲು ಸುಲಭ, ಮಾಡಲು ಎಲ್ಲಕ್ಕಿಂತ ಕಷ್ಟ. ನಮ್ಮ ಜನ ದುಡಿಯುವ ಜನ. ಮೈ ಸ್ವಲ್ಪ ಹಗುರ ಆದ ದಿನ ಬಾಕಿ ಕೆಲಸವೆಲ್ಲ ಒಂದೇ ದಿನ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಹೀಗೆ ನಡೆದಷ್ಟೂ ದಿನ ಕೆಲಸ ಅಂದರೆ ಅಪಾಯ ಅಂತ ನರಗಳು ಕಲಿಯುತ್ತವೆ. ಪೂರ್ತಿ ಮಲಗಿದರೂ ತೊಂದರೆಯೇ, ಸ್ನಾಯುಗಳು ಸೊರಗುತ್ತವೆ.

ಇಳಕಲ್ಲಿನ ಗುಂಡಿ ಮಗ್ಗದಲ್ಲಿ ಕೂರುವ ನೇಕಾರರೊಬ್ಬರನ್ನು ತಗೊಳ್ಳೋಣ. ಕುತ್ತಿಗೆಯಿಂದ ಸೊಂಟದ ತನಕ ನೋವು, ಎಕ್ಸ್‌ರೇ ಸರಿ ಇದೆ. ತೀರಾ ಕೆಟ್ಟ ದಿನದಲ್ಲೂ 25 ನಿಮಿಷ ಕೂರಬಲ್ಲರು. ಹಾಗಾದರೆ 20 ನಿಮಿಷದಿಂದ ಶುರು. ಮೊಬೈಲಿನಲ್ಲಿ ಅಲಾರಂ ಇಟ್ಟು, ಹೊಡೆದ ಕೂಡಲೇ ಲಾಳಿ ಅಲ್ಲೇ ಬಿಟ್ಟು ಎದ್ದು ಬರಬೇಕು. ಅಂಗಳದ ತನಕ ನಡೆದು, ಹೆಗಲು ತಿರುಗಿಸಿ, ನೀರು ಕುಡಿದು, 5 ನಿಮಿಷ ಬಿಟ್ಟು ಮತ್ತೆ ಕೂರುವುದು. ನೋವಿಲ್ಲದ ದಿನವೂ ಅಲಾರಂ ಹೊಡೆದಾಗ ಏಳಲೇಬೇಕು. ಅಲ್ಲೇ ಜನ ಸೋಲುವುದು. "ಇನ್ನೆರಡು ಗೇಣು ನೇದು ಏಳ್ತೀನಿ" ಅನಿಸುತ್ತೆ. ಏಳಿ. ವಾರ ಪೂರ್ತಿ ಇದು ಸಲೀಸಾದರೆ ಮುಂದಿನ ವಾರ 2-3 ನಿಮಿಷ ಹೆಚ್ಚಿಸಿ. ಕೆಟ್ಟ ದಿನ ಬಂದರೆ ಹಿಂದಿನ ವಾರದ ಲೆಕ್ಕಕ್ಕೆ ಇಳಿಯಿರಿ, ಪೂರ್ತಿ ಬಿಡಬೇಡಿ.

ಕಳೆ ತೆಗೆಯುವವರು, ರೊಟ್ಟಿ ಬಡಿಯುವವರು, ಅಂಗಡಿಯಲ್ಲಿ ನಿಲ್ಲುವವರು ಎಲ್ಲರಿಗೂ ಇದೇ ಲೆಕ್ಕ. ಕೂಲಿ ಕೆಲಸದಲ್ಲಿ ಮಧ್ಯೆ ಮಧ್ಯೆ ಏಳಲು ಆಗಲ್ಲ ಅನ್ನೋದು ನನಗೆ ಗೊತ್ತು. ಆಗ ಸಾಲಿನ ಕೊನೆಗೆ ಬಂದಾಗಲೆಲ್ಲ ನೆಟ್ಟಗೆ ನಿಂತು ಹತ್ತು ಉಸಿರು ತೆಗೆದುಕೊಂಡರೂ ಸಾಕು, ಬಾಗಿ ಮಾಡುವ ಮತ್ತು ನಿಂತು ಮಾಡುವ ಕೆಲಸವನ್ನು ಅದಲುಬದಲು ಮಾಡಿಕೊಳ್ಳಬಹುದು. ಇದರ ಜೊತೆ ಬಿಸಿಲು ಏರುವ ಮುಂಚೆ ದಿನಾ ಸ್ವಲ್ಪ ನಡಿಗೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ನಡೆದು ತಲೆ ತಿರುಗಿದರೆ ಅದು ಬಿಸಿಲಿನದೇ ಕೆಲಸ.

ಒಂದು ಎಚ್ಚರಿಕೆ. ಸಣ್ಣ ಕೆಲಸ ಮಾಡಿದರೂ ಮರುದಿನ, ಅದರ ಮರುದಿನ ಪೂರ್ತಿ ನೆಲ ಹಿಡಿಯುವ ಸುಸ್ತು ತಿಂಗಳುಗಳಿಂದ ಇದ್ದರೆ ವಾರವಾರ ಹೆಚ್ಚಿಸುವ ಲೆಕ್ಕ ನಿಮಗಲ್ಲ. ಇದ್ದ ಶಕ್ತಿಯೊಳಗೇ ಇರಿ, ಡಾಕ್ಟರಿಗೆ ಇದನ್ನು ಬಿಡಿಸಿ ಹೇಳಿ.

ನಿದ್ದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏಳುವ ಹೊತ್ತು ದಿನಾ ಒಂದೇ ಇರಲಿ, ಸಂಜೆ ಮೇಲೆ ಚಹಾ, ತಂಬಾಕು ಬೇಡ, ಹಾಸಿಗೆಯಲ್ಲಿ ಮೊಬೈಲ್ ಬೇಡ.

ಹಂತ 7: ಸಲೈನ್, ಇಂಜೆಕ್ಷನ್, ಗುಳಿಗೆ

"ಒಂದು ಬಾಟಲಿ ಏರಿಸ್ರಿ, ಶಕ್ತಿ ಬರ್ತದ." ಅರ್ಧ ಲೀಟರ್ ನಾರ್ಮಲ್ ಸಲೈನಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ, ಅಂದರೆ ಸುಮಾರು 100 ಕ್ಯಾಲೋರಿ. ಒಂದು ದೊಡ್ಡ ಜೋಳದ ರೊಟ್ಟಿ ಅದಕ್ಕಿಂತ ಕಡಿಮೆಯೇನಲ್ಲ. ವಾಂತಿ ಭೇದಿ ಆಗಿ ನೀರು ಬತ್ತಿದವರಿಗೆ ಸಲೈನ್ ಜೀವ ಉಳಿಸುತ್ತೆ. ಸುಸ್ತಿಗೆ ಅದು ಮದ್ದಲ್ಲ. ಮಲಗಿ ವಿಶ್ರಾಂತಿ ಸಿಕ್ಕಿದ್ದಕ್ಕೆ, ಒಬ್ಬರು ಕೈ ಹಿಡಿದು ನೋಡಿಕೊಂಡಿದ್ದಕ್ಕೆ ಅವತ್ತು ಹಗುರ ಅನಿಸುತ್ತೆ.

ಹೆಸರಿಲ್ಲದ ಪುಡಿ, ಬಿಡಿ ಗುಳಿಗೆ, "ಮೈಕೈ ನೋವಿನ ಸೂಜಿ" ಬೇಡವೇ ಬೇಡ. ಅದರಲ್ಲಿ ಸ್ಟೆರಾಯ್ಡ್ ಇರಬಹುದು. ಮೊದಲ ವಾರ ಅದ್ಭುತ ಅನಿಸಿ ಆಮೇಲೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ. ಆದರೆ ಈಗಾಗಲೇ ತಿಂಗಳುಗಳಿಂದ ನುಂಗುತ್ತಿದ್ದರೆ ತಟ್ಟನೆ ಬಿಡಬೇಡಿ, ಅದೂ ಅಪಾಯ. ಡಾಕ್ಟರಿಗೆ ತೋರಿಸಿ ನಿಧಾನ ಇಳಿಸಿ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ದಿನಾ ನುಂಗಿದರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು. ತಲೆನೋವಿನ ಸಾದಾ ಗುಳಿಗೆಯನ್ನು ತಿಂಗಳಲ್ಲಿ 15 ದಿನಕ್ಕಿಂತ ಜಾಸ್ತಿ, ಮೂರು ತಿಂಗಳು ದಾಟಿ ನುಂಗಿದವರಿಗೆ ಆ ಗುಳಿಗೆಯಿಂದಲೇ ತಲೆನೋವು ಬರಬಹುದು.

ಹಂತ 8: ಪದೇಪದೇ ನೋಡಿಕೊಳ್ಳುವುದನ್ನು ಕಡಿಮೆ ಮಾಡಿ

ನಾಡಿ ಹಿಡಿದು ಎಣಿಸುವುದು, ಬಿಪಿ ಮಿಷನ್ ದಿನಕ್ಕೆ ಹತ್ತು ಸಲ ಕಟ್ಟುವುದು, ನಾಲಿಗೆ ನೋಡುವುದು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದು. ಪ್ರತಿ ಸಲ ಎರಡು ನಿಮಿಷ ನೆಮ್ಮದಿ, ಆಮೇಲೆ ಮತ್ತೆ ಅನುಮಾನ. ಒಮ್ಮೆಲೇ ಬಿಡಲು ಆಗಲ್ಲ. "ಅರ್ಧ ತಾಸು ಬಿಟ್ಟು ನೋಡ್ತೀನಿ" ಅಂತ ಮುಂದೂಡಿ. ಆ ಅರ್ಧ ತಾಸು ಕೈಗೆ ಕೆಲಸ ಕೊಡಿ: ಕಾಳು ಆರಿಸುವುದು, ಕೌದಿ ಹೊಲಿಯುವುದು, ಗಿಡಕ್ಕೆ ನೀರು. ನೋವು ಪೂರ್ತಿ ಹೋದ ಮೇಲೆ ಜಾತ್ರೆಗೆ, ಮದುವೆಗೆ ಹೋಗ್ತೀನಿ ಅಂತ ಕಾಯಬೇಡಿ. ನೋವಿನ ಜೊತೆಗೇ ಒಂದು ತಾಸು ಹೋಗಿ ಬನ್ನಿ.

ಹಂತ 9: ಮನೋವೈದ್ಯರ ಹತ್ತಿರ ಹೋಗುವುದು

"ನನಗೇನು ಹುಚ್ಚಾ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಇಲ್ಲ. ನೋವು, ನಿದ್ದೆ, ಗಾಬರಿ ಮೂರೂ ಹಾದುಹೋಗುವುದು ಮೆದುಳಿನ ದಾರಿಯಲ್ಲೇ, ಅದರ ಚಿಕಿತ್ಸೆ ಕಲಿತವರು ಇವರು. ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಇಂಥ ತೊಂದರೆಗೆ ಕೆಲಸ ಮಾಡುತ್ತೆ. ನೋವು ಬಂದಾಗ ಮನಸ್ಸು ಏನು ಹೇಳುತ್ತೆ, ಅದಕ್ಕೆ ನೀವು ಏನು ಮಾಡುತ್ತೀರಿ, ಬದಲಿಗೆ ಏನು ಮಾಡಬಹುದು ಅಂತ ವಾರವಾರ ಕೂತು ಕಲಿಸುತ್ತಾರೆ.

ಕೆಲವರಿಗೆ ಗುಳಿಗೆಯನ್ನೂ ಬರೆಯುತ್ತಾರೆ. ಅಮಿಟ್ರಿಪ್ಟಿಲಿನ್ ಅಥವಾ ಡುಲಾಕ್ಸೆಟಿನ್ ನರಗಳ ಸೂಕ್ಷ್ಮತೆ ತಗ್ಗಿಸುತ್ತವೆ. ಮೊದಲ ವಾರ ಬಾಯಿ ಒಣಗಬಹುದು, ಮಂಪರು ಅಥವಾ ವಾಕರಿಕೆ ಬರಬಹುದು. ಗುಣ ಕಾಣಲು 2ರಿಂದ 6 ವಾರ ಬೇಕು. ಹೀಗಾಗಿ ಬಹಳ ಜನ ಗುಣ ಕಾಣುವ ಮುಂಚೆಯೇ ಬಿಟ್ಟುಬಿಡುತ್ತಾರೆ. ಇವು ಚಟ ಹಿಡಿಸುವ ಗುಳಿಗೆ ಅಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ಚಟ ಹಿಡಿಯುವುದು ಆಲ್‌ಪ್ರಜೋಲಮ್‌ನಂಥ ನಿದ್ದೆ ಗುಳಿಗೆ. ಅದನ್ನು ಮೆಡಿಕಲ್ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ.

ಕೈಕಾಲು ಬಿದ್ದು, ಮಾತು ನಿಂತು, ಮೂರ್ಛೆಯಂತೆ ಬಂದು, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ನರರೋಗ ತಜ್ಞರನ್ನು ನೋಡಿ. ಅವರು ಇದನ್ನು ಪರೀಕ್ಷೆ ಮಾಡಿಯೇ ಗುರುತಿಸುತ್ತಾರೆ. ಉದಾಹರಣೆಗೆ ಹೂವರ್ ಅನ್ನೋ ವೈದ್ಯರು 1908ರಲ್ಲಿ ಹೇಳಿದ ಪರೀಕ್ಷೆ: ಸೋತ ಕಾಲನ್ನು ಕೆಳಗೆ ಒತ್ತು ಅಂದರೆ ಬಲ ಬರಲ್ಲ, ಆದರೆ ಇನ್ನೊಂದು ಕಾಲನ್ನು ಮೇಲೆತ್ತು ಅಂದಾಗ ಸೋತ ಕಾಲು ತಾನಾಗಿಯೇ ಒತ್ತುತ್ತೆ. ನರ, ಸ್ನಾಯು ಹಾಳಾಗಿಲ್ಲ, ಆಜ್ಞೆ ತಲುಪುವ ದಾರಿ ತಾತ್ಕಾಲಿಕವಾಗಿ ತಪ್ಪಿದೆ ಅಂತ ರೋಗಿಗೇ ಕಾಣುವ ಹಾಗೆ ತೋರಿಸಬಹುದು. ಸರಿಯಾದ ಫಿಸಿಯೋಥೆರಪಿಯಿಂದ ತುಂಬ ಜನ ಸುಧಾರಿಸುತ್ತಾರೆ. ಇಂಥವರನ್ನು ಗಾಳಿ ಹಿಡಿದಿದೆ ಅಂತ ಹೊಡೆಯುವುದು, ಬರೆ ಹಾಕುವುದು ಹಿಂಸೆ. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ಅಡ್ಡಿ ಇಲ್ಲ, ಚಿಕಿತ್ಸೆ ಜೊತೆಗಿರಲಿ.

ಎಲ್ಲಿಗೆ ಹೋಗುವುದು? ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಕೇಳಿ. ಈ ಮೂರು ಊರುಗಳ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲೂ ಈ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯಕ್ಕೆ ನಮ್ಮ ಭಾಗದ ದೊಡ್ಡ ಸರ್ಕಾರಿ ಸಂಸ್ಥೆ. ಮನೆಯಿಂದ ಹೊರಡಲು ಆಗದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಹಗಲು ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಬೇಡ ಅನಿಸಿದರೆ ಈ ನಂಬರಿಗೆ ಅದೇ ಗಳಿಗೆಯಲ್ಲಿ ಮಾಡಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ, ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೇರೆಯವರ ಮನೆಗೆ ಸಾಗಿಸಿ.

ಮನೆಯವರು ಏನು ಮಾಡಬೇಕು

"ನಾಟಕ ಮಾಡ್ತಾಳ" ಅನ್ನೋ ಮಾತು ನೋವನ್ನು ಜೋರು ಮಾಡುತ್ತೆ. ನಂಬದವರ ಮುಂದೆ ನೋವನ್ನು ಸಾಬೀತು ಮಾಡಬೇಕಾಗುತ್ತೆ, ಸಾಬೀತು ಮಾಡಲು ಹೊರಟವರಿಗೆ ನೋವಿನ ಮೇಲಿನ ಗಮನ ಬಿಡಲು ಆಗಲ್ಲ. ಹಾಗಂತ ಕೈಯಲ್ಲಿನ ಕಸಬರಿಗೆ ಕಿತ್ತುಕೊಂಡು ಹಾಸಿಗೆಯಲ್ಲಿ ಮಲಗಿಸುವುದೂ ಉಪಕಾರ ಅಲ್ಲ. "ನೋವು ಐತಿ ಅಂತ ಗೊತ್ತು. ಇವತ್ತು ಅರ್ಧ ಕೆಲಸ ನೀನು, ಅರ್ಧ ನಾನು" ಅನ್ನಿ. ದಿನವಿಡೀ "ಈಗ ಹೆಂಗದ, ಈಗ ಹೆಂಗದ" ಅಂತ ಕೇಳಬೇಡಿ. ಸೊಸೆಗೆ ನೋವು ಬಂದಾಗ ಮಾತ್ರ ವಿಶ್ರಾಂತಿ ಸಿಗುವ ಮನೆಗಳಿವೆ, ನೋವು ಬಂದಾಗ ಮಾತ್ರ ಗಂಡ ಪಕ್ಕದಲ್ಲಿ ಕೂರುವ ಮನೆಗಳಿವೆ. ಅಂಥ ಮನೆಯಲ್ಲಿ ಮೊದಲು ಬದಲಾಗಬೇಕಾದ್ದು ಮನೆಯ ರೀತಿ. ನೋವಿಲ್ಲದ ದಿನವೂ ಆಕೆಗೆ ಒಂದು ತಾಸು ಬಿಡುವು, ನಾಲ್ಕು ಮಾತು ಸಿಗಬೇಕು.

ಹಂತ 10: ಮತ್ತೆ ಜೋರಾದಾಗ

ಜೋರಾಗುತ್ತೆ. ಬಿತ್ತನೆ ಹೊತ್ತು, ಮಗಳ ಮದುವೆ, ಜ್ವರ ಬಂದು ಹೋದ ವಾರ, ನಿದ್ದೆಗೆಟ್ಟ ಜಾಗರಣೆ ಯಾವುದಾದರೂ ನೆಪ ಸಾಕು. ಹಾಗಾದಾಗ ಏನು ಮಾಡಬೇಕು ಅಂತ ಮುಂಚೆಯೇ ಒಂದು ಚೀಟಿ ಬರೆದು ಫೈಲಿಗೆ ಅಂಟಿಸಿಡಿ. ಮೊದಲು ಹಂತ 1ರ ಪಟ್ಟಿ ನೋಡಿ. ಅದರಲ್ಲಿ ಏನಾದರೂ ಇದ್ದರೆ ಹೊರಡಿ. ಇಲ್ಲದಿದ್ದರೆ 10 ನಿಮಿಷ ಉಸಿರು, ಬಿಸಿನೀರಿನ ಶಾಖ, ಎರಡು ದಿನ ಅರ್ಧ ಕೆಲಸ, ಸಲೈನ್ ಇಲ್ಲ, ಹೊಸ ಊರಿನ ಹೊಸ ಡಾಕ್ಟರಿಲ್ಲ. ಹಳೆಯ ನೋವೇ ಆಗಿದ್ದು ಹಳೆಯ ಜಾಗದಲ್ಲೇ ಇದ್ದರೆ ಡಾಕ್ಟರ ಹತ್ತಿರ ಗೊತ್ತುಮಾಡಿಕೊಂಡ ದಿನದ ತನಕ ಕಾಯಬಹುದು. ನೋವಿನ ರೀತಿ ಬದಲಾದರೆ, ಹಿಂದೆಂದೂ ಇಲ್ಲದ ಹೊಸ ಲಕ್ಷಣ ಎರಡು ವಾರ ದಾಟಿದರೆ, ಗೊತ್ತುಮಾಡಿಕೊಂಡ ದಿನಕ್ಕೆ ಕಾಯದೇ ಅದೇ ಡಾಕ್ಟರಿಗೆ ತೋರಿಸಿ. ಮೊದಲ ಹಾಳೆಯಲ್ಲಿ ತಾರೀಖು ಹಾಕಿ ಆ ಹೊಸ ಲಕ್ಷಣವನ್ನು ಸೇರಿಸಿ ಒಯ್ಯಿರಿ.